ಮರೆಯಲ್ಲಿಟ್ಟ ಪೆಟ್ಟಿಗೆ

ಮೊನ್ನೆ ಮಸ್ಕತ್ತಿನ ರೂವಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರ್‌ಗಾಗಿ ಕಾದು ನಿಂತಿದ್ದೆ. ಅಂಗಡಿಯಾತ ದೊಡ್ಡ ಚೀಲದಿಂದ ಬಿಳಿಯ ಹರಳುಪುಡಿಯನ್ನು ಸಣ್ಣ ಪೊಟ್ಟಣಗಳಿಗೆ ಸುರಿಯುತ್ತಿದ್ದ. ಅದರ ಧೂಳು ಎದ್ದು ಬಂದು ನನ್ನ ಗಂಟಲಲ್ಲಿ ಕುಳಿತಿತು. ಆಕ್ಸಾಲಿಕ್ ಆಮ್ಲ, ತುಕ್ಕಿನ ಕಲೆ ತೆಗೆಯಲು ಜನ ಒಯ್ಯುತ್ತಾರೆ. “ಅಂಕಲ್, ಪಾನಿ ದೂಂ?” ಎಂದು ಆತ ಬಾಟಲಿ ಚಾಚಿದ. ನೀರು ಕುಡಿದ ಮೇಲೂ ನನ್ನ ಮನಸ್ಸು ಆ ಅಂಗಡಿಗೆ ಮರಳಲಿಲ್ಲ. ಸಹಮ್‌ನ ಒಂದು ತೋಟದಲ್ಲಿ, ಖರ್ಜೂರದ ನೆರಳಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ.

ಒಮಾನಿನ ಕರಾವಳಿಯ ಊರಾದ ಸಹಮ್‌ನಲ್ಲಿ ನಾನು ಬಹುಕಾಲ ಕೃಷಿ ಸಾಮಗ್ರಿಗಳ ಅಂಗಡಿಯೊಂದನ್ನು ನೋಡಿಕೊಂಡಿದ್ದೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಮುಂದಿನದನ್ನೆಲ್ಲ ಔಷಧದ ಡಬ್ಬಿಗಳ ಬೆನ್ನು ಓದಿ ಕಲಿತೆ. ಹಾಗೆ ಕಲಿತವನಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ: ಡಬ್ಬಿಯ ಮೇಲಿನ ಮಾತನ್ನು ಒಳಗಿನ ವಸ್ತುವಿನೊಡನೆ ತಾಳೆ ನೋಡದೆ ಅವನು ಏನನ್ನೂ ನಂಬಲಾರ. “ಇವರಿಗೆ ಸೂರ್ಯ ಹುಟ್ಟಿದ್ದಕ್ಕೂ ಸಾಕ್ಷಿ ಬೇಕು” ಎಂದು ನನ್ನ ಹೆಂಡತಿ ಅತಿಥಿಗಳ ಮುಂದೆ ಹೇಳುತ್ತಿದ್ದಳು. ಬೇಕೇ ಬೇಕು. ಧೂಳಿನ ಗಾಳಿ ಎದ್ದ ದಿನ ಅದು ಹುಟ್ಟಿತೋ ಇಲ್ಲವೋ, ಕಂಡವರು ಯಾರು?

ವಲೇರಿಯನ್ ಇದಕ್ಕೆ ತೀರ ವಿರುದ್ಧ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತ, ರೂವಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅಚ್ಚಾದದ್ದೆಲ್ಲ ಅವನಿಗೆ ಸತ್ಯ. ಅವನೂ ಅವನ ಹೆಂಡತಿ ಫಿಲೊಮಿನಾಳೂ ರಜಾದಿನಗಳಲ್ಲಿ ಸಹಮ್‌ಗೆ ಬಂದು ಅಬು ಖಾಲಿದ್ ಎಂಬ ಒಮಾನಿ ಗೆಳೆಯನ ತೋಟದಲ್ಲಿ ಜೇನು ಸಾಕುತ್ತಿದ್ದರು. ಮೇಣದ ಹಾಳೆಗೆಂದು ನನ್ನ ಅಂಗಡಿಗೆ ಬಂದವರು ನನ್ನ ಜಗಳಗಂಟಿತನವನ್ನೂ ಸಹಿಸಿ ಸ್ನೇಹಿತರಾದರು. ಆಮೇಲೆ ಫಿಲೊಮಿನಾ ಕಾಯಿಲೆ ಬಿದ್ದು ತೀರಿಕೊಂಡಳು. ದೇಹವನ್ನು ಊರಿಗೆ ಸಾಗಿಸೋಣವೆಂದು ಬಂಧುಗಳೆಲ್ಲ ಹೇಳಿದರು. ವಲೇರಿಯನ್ ಒಪ್ಪದೆ, ಮಸ್ಕತ್ತಿನ ಬೆಟ್ಟಗಳ ಸಂದಿನಲ್ಲಿರುವ ಕ್ರೈಸ್ತ ಸ್ಮಶಾನದಲ್ಲಿ ಅವಳನ್ನು ಮಣ್ಣು ಮಾಡಿದ. “ನಾನು ಇಲ್ಲಿ, ಅವಳು ಅಲ್ಲಿ, ಅದೆಂತ ಸಂಸಾರ ಮಾರಾಯ್ರೆ?” ಎಂದಿದ್ದ.

ಆದರೆ ಮಣ್ಣು ಕೊಟ್ಟ ದೇಶ ವೀಸಾವನ್ನೂ ಕೊಡಬೇಕೆಂಬ ನಿಯಮವಿಲ್ಲ. ಅವನಿಗೆ ನಿವೃತ್ತಿಯ ವಯಸ್ಸಾಯಿತು. ಕಚೇರಿ ಕೈಬಿಟ್ಟರೆ ಊರಿಗೆ ಹೊರಡಬೇಕು. ಹೊರಟರೆ ಆ ಸಮಾಧಿಯ ಬಳಿ ನಿಲ್ಲುವವರು ಯಾರೂ ಇಲ್ಲ. ಆಗ ಅಬು ಖಾಲಿದ್ ತನ್ನ ಮುರುಕು ಹಿಂದಿಯಲ್ಲಿ ಒಂದು ದಾರಿ ಹೇಳಿದ: ಚಳಿಗಾಲ ದಾಟಿ ಹುಳಗಳು ಚೆನ್ನಾಗಿದ್ದರೆ ಅವನನ್ನು ತೋಟದ ಜೇನುಗಾರನೆಂದು ತನ್ನ ಹೆಸರಿಗೆ ಬರೆಸಿಕೊಳ್ಳುತ್ತೇನೆ ಎಂದು. “ಮಕ್ಖಿ ಹೈ ತೋ ಕಾಮ್ ಹೈ. ಮಕ್ಖಿ ಖಲಾಸ್, ತೋ ಮೈಂ ಕ್ಯಾ ಲಿಖೂಂ, ಹಬೀಬಿ?” ಹುಳ ಮುಗಿದರೆ ಏನೆಂದು ಬರೆಯಲಿ ಎಂಬ ಅವನ ಮಾತಿನಲ್ಲಿ ಕೇಡಿರಲಿಲ್ಲ. ಇಲ್ಲದ ಜೇನಿಗೆ ಜೇನುಗಾರನನ್ನು ವೀಸಾ ಕೊಡಿಸುವ ಯಾವ ಕಫೀಲನೂ ತೋರಿಸಲಾರ.

ಆ ವರ್ಷ ಪೆಟ್ಟಿಗೆಗಳಲ್ಲಿ ವರೋವಾ ನುಸಿ ಸೇರಿತ್ತು. ನೀವು ನೋಡಿರಲಿಕ್ಕಿಲ್ಲ: ಸಾಸಿವೆಯ ಸಿಪ್ಪೆಯಂತೆ ಕೆಂಪಗೆ, ಚಪ್ಪಟೆಯಾಗಿ, ಹುಳದ ಮೈಗೆ ಅಂಟಿಕೊಂಡಿರುತ್ತದೆ. ಆದರೆ ಅದರ ನಿಜವಾದ ಮನೆ ಮೇಣದ ಮುಚ್ಚಳದ ಕೆಳಗೆ, ಇನ್ನೂ ಕಣ್ಣು ಬಿಡದ ಮರಿಯ ಜೊತೆ. ಮರಿಯನ್ನು ಹೀರಿಯೇ ಅದು ತನ್ನ ಸಂತಾನ ಬೆಳೆಸುತ್ತದೆ. ಆಕ್ಸಾಲಿಕ್ ಹರಳನ್ನು ಕಾಯಿಸಿ ಹೊಗೆ ಕೊಟ್ಟರೆ ಮೈಮೇಲಿನ ನುಸಿ ಉದುರುತ್ತದೆ, ಮುಚ್ಚಳದೊಳಗಿನದು ಸುಖವಾಗಿರುತ್ತದೆ.

ವಲೇರಿಯನ್‌ನ ಬಳಿ ಹೊರದೇಶದ ಒಂದು ಪುಸ್ತಕವಿತ್ತು. ಚಳಿಗಾಲದಲ್ಲಿ ರಾಣಿ ಮೊಟ್ಟೆಯಿಡುವುದಿಲ್ಲ, ಮರಿಗಳಿರುವುದಿಲ್ಲ, ಆಗ ಒಮ್ಮೆ ಹೊಗೆ ಕೊಟ್ಟರೆ ಸಾಕು ಎಂದು ಅದರಲ್ಲಿತ್ತು. ಯಾವ ಚಳಿಗಾಲ? ಹಿಮ ಬೀಳುವ ಊರಿನದು. ಸಹಮ್ ಇರುವ ಬಾತಿನಾ ಕರಾವಳಿಯ ಚಳಿಗಾಲವೆಂದರೆ ಮೇವಿನ ಗದ್ದೆ ಹೂ ಬಿಡುವ ಕಾಲ, ಮನುಷ್ಯರು ಮರದ ಕೆಳಗೆ ಕುಳಿತು ಊಟ ಮಾಡುವ ಕಾಲ. ಅಂಥ ಹವೆಯಲ್ಲಿ ಯಾವ ರಾಣಿ ಕೈಕಟ್ಟಿ ಕುಳಿತಾಳು? ನಾನು ಒಂದು ಚೌಕಟ್ಟನ್ನು ಎತ್ತಿ, ಮುಚ್ಚಳ ಕೆರೆದು, ಒಳಗಿನ ಬಿಳಿಯ ಮರಿಯನ್ನು ಹೊರತೆಗೆದು ತೋರಿಸಿದೆ. ಅದರ ಹೊಟ್ಟೆಯ ಮೇಲೆ ನುಸಿಗಳು ಹರಿದಾಡುತ್ತಿದ್ದವು.

“ಪುಸ್ತಕ ಬರೆದವರು ನಿಮಗಿಂತ ದಡ್ಡರಾ, ಪ್ರೊಫೆಸರ್ರೇ?” ವಲೇರಿಯನ್ ನನ್ನನ್ನು ಕೆಣಕಿ ಕರೆಯುತ್ತಿದ್ದುದೇ ಹಾಗೆ.

“ದಡ್ಡರಲ್ಲ. ಅವರು ಸಹಮ್ ನೋಡಿಲ್ಲ. ರಾಣಿಯನ್ನು ಮೂರು ವಾರ ಪಂಜರದಲ್ಲಿಡು. ಮೊಟ್ಟೆ ನಿಲ್ಲುತ್ತದೆ, ಇರುವ ಮರಿಗಳೆಲ್ಲ ಹೊರಬರುತ್ತವೆ. ಆಮೇಲೆ ಹೊಗೆ ಕೊಡು. ಅಡಗಲು ನುಸಿಗೆ ಜಾಗವೇ ಇರುವುದಿಲ್ಲ.”

ಅವನು ನನ್ನ ಕೈಯ ಚೌಕಟ್ಟನ್ನು ಪೆಟ್ಟಿಗೆಗೆ ಇಳಿಸಿ ನಿಜವನ್ನು ಹೇಳಿದ. “ಅಬು ಖಾಲಿದ್ ವಾರ ವಾರ ಬಂದು ಮುಚ್ಚಳ ತೆಗೆದು ನೋಡ್ತಾನೆ. ಮರಿ ಇಲ್ಲ, ಪೆಟ್ಟಿಗೆ ಅರ್ಧ ಖಾಲಿ ಅಂತ ಕಂಡ್ರೆ? ಔಷಧ ಅಂತ ಹೇಳಿದ್ರೆ ಅವನಿಗೆ ಅರ್ಥ ಆಗ್ತದಾ? ನಂಗೆ ಈಗ ತುಂಬಿದ ಪೆಟ್ಟಿಗೆ ಬೇಕು, ಅಷ್ಟೇ.”

ಹುಳಗಳನ್ನು ಉಳಿಸಲು ಪೆಟ್ಟಿಗೆಯನ್ನು ಬಡವಾಗಿಸಬೇಕಿತ್ತು. ಅವನು ಉಳಿಯಲು ಪೆಟ್ಟಿಗೆ ತುಂಬಿ ಕಾಣಬೇಕಿತ್ತು. ಒಂದು ಪೆಟ್ಟಿಗೆಯಲ್ಲಿ ಹಳೆಯ ರಾಣಿ ಸತ್ತು, ಹುಳಗಳು ಹೊಸ ರಾಣಿಯನ್ನು ಬೆಳೆಸುತ್ತಿದ್ದವು. ಮೊಟ್ಟೆಯೂ ಇಲ್ಲದ, ಮರಿಯೂ ಇಲ್ಲದ ಆ ದರಿದ್ರ ಪೆಟ್ಟಿಗೆಯನ್ನು ಅವನು ನಾಚಿಕೆಯಿಂದ ಪಂಪ್‌ಶೆಡ್ಡಿನ ಹಿಂದೆ, ಅಬು ಖಾಲಿದ್‌ನ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದ.

ಅವನ ಮಾತೇ ನಡೆಯಿತು. ಒಂದು ಶುಕ್ರವಾರ, ರಾಣಿಯರನ್ನು ಪಂಜರಕ್ಕೆ ಹಾಕದೆಯೇ, ಕಾರಿನ ಬ್ಯಾಟರಿಯಿಂದ ತವೆ ಕಾಯಿಸಿ ಎಲ್ಲ ಪೆಟ್ಟಿಗೆಗಳಿಗೂ ಹೊಗೆ ಕೊಟ್ಟೆವು, ಮರೆಯಲ್ಲಿಟ್ಟಿದ್ದಕ್ಕೂ. ಮರುದಿನ ಅಡಿಯಲ್ಲಿ ಹಾಸಿದ್ದ ಕಾಗದದ ಮೇಲೆ ನುಸಿ ಮೆಣಸಿನ ಪುಡಿಯಂತೆ ಉದುರಿತ್ತು. ವಲೇರಿಯನ್ ಅದನ್ನು ಅಬು ಖಾಲಿದ್‌ಗೆ ತೋರಿಸಿದ. ಆತ “ಮಾಶಾ ಅಲ್ಲಾಹ್!” ಎಂದು ಅವನ ಹೆಗಲು ತಟ್ಟಿದ. “ನೋಡಿದ್ರಾ ಪ್ರೊಫೆಸರ್ರೇ, ಒಂದೇ ಸಲ! ಖಲಾಸ್!” ಅವನು ನಕ್ಕದ್ದನ್ನು ಫಿಲೊಮಿನಾ ಹೋದ ಮೇಲೆ ನಾನು ಕಂಡದ್ದು ಆಗಲೇ. ಇನ್ನೊಮ್ಮೆ ಮುಚ್ಚಳ ಕೆರೆದು ತೋರಿಸುವ ಮನಸ್ಸು ನನಗೆ ಬರಲಿಲ್ಲ.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಪೆಟ್ಟಿಗೆಗಳ ಬಾಯಲ್ಲಿ ಹುಳಗಳು ತೆವಳತೊಡಗಿದವು. ಮರಿಯಾಗಿದ್ದಾಗಲೇ ನುಸಿ ಹೀರಿದ ಅವುಗಳ ರೆಕ್ಕೆ ಸುಟ್ಟ ಕಾಗದದಂತೆ ಮುದುರಿತ್ತು. ಹಾರಲು ಹೋಗಿ ಮರಳಿಗೆ ಬೀಳುವವು, ಬಿದ್ದಲ್ಲಿಂದ ಹೊರಕ್ಕೇ ನಡೆಯುವವು. ಇರುವೆಗಳು ಜೀವಂತವಾಗಿಯೇ ಎಳೆದೊಯ್ಯುತ್ತಿದ್ದವು. ವಲೇರಿಯನ್ ಮಂಡಿಯೂರಿ ಅವುಗಳನ್ನು ಅಂಗೈಗೆ ಎತ್ತಿಕೊಂಡು ಮತ್ತೆ ಬಾಗಿಲಿಗೆ ಬಿಡುತ್ತಿದ್ದ. ಅವು ಮತ್ತೆ ಹೊರಬರುತ್ತಿದ್ದವು. ಒಂದೊಂದೇ ಪೆಟ್ಟಿಗೆ ಸದ್ದಿಲ್ಲದಾಯಿತು. ಕೊನೆಗೆ ಉಳಿದದ್ದು ಪಂಪ್‌ಶೆಡ್ಡಿನ ಹಿಂದಿನದು ಒಂದೇ. ಹೊಗೆ ಕೊಟ್ಟ ದಿನ ಅದರಲ್ಲಿ ನುಸಿಗೆ ಅಡಗಲು ಮರಿಗಳಿರಲಿಲ್ಲ.

ಈಗಲೂ ರೂವಿಯಲ್ಲಿ ನಮ್ಮವರು ಸೇರಿದಾಗ “ಪಾಪ, ಆಸಿಡ್ ಹಾಕಿ ತನ್ನ ಜೇನನ್ನು ತಾನೇ ಕೊಂದ” ಎನ್ನುತ್ತಾರೆ. ಅಬು ಖಾಲಿದ್ ಯಾರದೋ ಕಣ್ಣು ಬಿತ್ತೆಂದ. ನಾನು ಎರಡನ್ನೂ ನಂಬುವುದಿಲ್ಲ. ಕೊಂದದ್ದು ಆಮ್ಲವಲ್ಲ, ಪುಸ್ತಕದೊಳಗಿನ ಬೇರೆ ದೇಶದ ಚಳಿ. ಇದು ನನ್ನ ಲೆಕ್ಕ. ಒಂದು ಪೆಟ್ಟಿಗೆಯ ಸಾಕ್ಷ್ಯದ ಮೇಲೆ ನಿಂತ ಲೆಕ್ಕ. ಬೇರೆಯವರು ಇಷ್ಟು ಕಡಿಮೆ ಪುರಾವೆ ತಂದಿದ್ದರೆ ನಾನೇ ಬೈದು ಕಳಿಸುತ್ತಿದ್ದೆ. ನನ್ನ ಮಾತೇ ಸರಿಯೆಂದು ಇಟ್ಟುಕೊಂಡರೂ ಅದರಿಂದ ಬದುಕಿದ ಹುಳ ಒಂದೂ ಇಲ್ಲ.

ಊರಿಗೆ ಹೊರಡುವ ಮುಂಚೆ ವಲೇರಿಯನ್ ಉಳಿದ ಪೆಟ್ಟಿಗೆಯನ್ನು ನನಗೆ ಕೊಟ್ಟ. ಒಂದು ಪೆಟ್ಟಿಗೆಗೆ ವೀಸಾ ಹುಟ್ಟುವುದಿಲ್ಲ. ನಾನೀಗ ಮಸ್ಕತ್ತಿನ ಹತ್ತಿರದ ಅಲ್ ಅಮೇರಾತ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಪ್ರತಿ ಚಳಿಗಾಲ ಅಂಗಳದ ಆ ಪೆಟ್ಟಿಗೆಯ ರಾಣಿಯನ್ನು ಪಂಜರಕ್ಕೆ ಹಾಕುತ್ತೇನೆ. ಆ ವಾರಗಳಲ್ಲಿ ಗೂಡಿನ ಸದ್ದು ತಗ್ಗುತ್ತದೆ. “ಇಸ್ ಇಟ್ ಡೆಡ್, ಅಜ್ಜ?” ಎಂದು ಮೊಮ್ಮಗಳು ಪ್ರತಿ ಸಲವೂ ಕೇಳುತ್ತಾಳೆ. “ನೋಡೋಣ” ಎನ್ನುತ್ತೇನೆ.

ಹಾರ್ಡ್‌ವೇರ್ ಅಂಗಡಿಯಿಂದ ಮನೆಗೆ ಬಂದವನು ವಲೇರಿಯನ್‌ಗೆ ಫೋನ್ ಮಾಡಿದೆ. ನಿನ್ನೆ ರಾಣಿಯನ್ನು ಪಂಜರದಿಂದ ಬಿಟ್ಟೆ, ಇಂದು ಮೊಟ್ಟೆ ಕಂಡಿತು ಎಂದೆ.

“ಫಿಲುಗೆ ಒಮ್ಮೆ ಹೇಳಿ ಬರ್ತೀರಾ?”

ಸತ್ತವರು ಕೇಳುತ್ತಾರೆಂಬುದಕ್ಕೆ ನನ್ನ ಇಷ್ಟು ವಯಸ್ಸಿನಲ್ಲಿ ಯಾವ ಸಾಕ್ಷ್ಯವೂ ಸಿಕ್ಕಿಲ್ಲ. ಆದರೂ ಮರುದಿನ ಟ್ಯಾಕ್ಸಿ ಹಿಡಿದು ಸ್ಮಶಾನಕ್ಕೆ ಹೋದೆ. ಕಲ್ಲಿನ ಮೇಲಿನ ಧೂಳನ್ನು ಕರವಸ್ತ್ರದಿಂದ ಒರಸಿದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ರಾಣಿ ಮೊಟ್ಟೆಯಿಟ್ಟಿದ್ದಾಳೆಂದು ಗಟ್ಟಿಯಾಗಿ, ಕೊಂಕಣಿಯಲ್ಲಿ ಹೇಳಿದೆ. ನನ್ನ ಕೊಂಕಣಿ ಕೇಳಿದರೆ ಫಿಲೊಮಿನಾ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಹೇಳಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲಿಯೇ ಕಾದೆ.