ಹುಟ್ಟುಹಬ್ಬದವಳಿಗೆ ಕಡೆಯ ಪಂಕ್ತಿ

ಕಳೆದ ಭಾನುವಾರ ಸಂಜೆ ಲಕ್ಷ್ಮೇಶ್ವರದಲ್ಲಿ ನನ್ನ ಅಕ್ಕನ ನಲವತ್ತನೇ ಹುಟ್ಟುಹಬ್ಬದ ಊಟ ಅವಳ ಮನೆಯ ಹಿತ್ತಲಿನಲ್ಲಿ ನಡೆಯಿತು. ರೊಟ್ಟಿ, ಎಣ್ಣೆಗಾಯಿ, ಹೂರಣದ ಕಡಬು ಎಲ್ಲವನ್ನೂ ಅವಳೇ ಮಾಡಿದ್ದಳು. ಎಲ್ಲರ ಜೊತೆ ಉಣ್ಣಲು ಅವಳು ಚಾಪೆಯ ಮೇಲೆ ಕುಳಿತಾಗ ಅವಳ ಮೈದುನ ತಡೆದ.

“ವೈನಿ, ನೀವ ಕುಂತ್ರ ಬಡಸಾವ್ರು ಯಾರು? ಗಂಡಸರದು ಮೊದಲ ಆಗಲಿ ತಗೋರಿ.”

“ಇವತ್ತ ಹುಟ್ಟಿದಾಕಿ ನಾನೋ, ನೀನೋ?” ಎಂದಳು ಅಕ್ಕ.

ಗಂಡಸರೆಲ್ಲ ನಕ್ಕರು, ಒಬ್ಬರೂ ಏಳಲಿಲ್ಲ. ಅವಳ ಗಂಡನೂ ಏಳಲಿಲ್ಲ. ಅಕ್ಕನೇ ಎದ್ದು ಬಡಿಸಿದಳು. ಮೈದುನ ಕಡಬನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡ. ನಾವು ಹೆಂಗಸರು ಕುಳಿತಾಗ ರೊಟ್ಟಿ, ಕಡಬು ಎರಡರ ಬುಟ್ಟಿಯೂ ಖಾಲಿಯಾಗಿತ್ತು. ತನ್ನ ಹುಟ್ಟುಹಬ್ಬದ ದಿನ ಅಕ್ಕ ಅನ್ನ, ಮಜ್ಜಿಗೆ ಉಂಡಳು.

ತನ್ನ ಹುಟ್ಟುಹಬ್ಬಕ್ಕೂ ಅದೇ ಕಡಬು ಮಾಡಿಕೊಡುವಂತೆ ಮೈದುನ ನಿನ್ನೆ ಅಕ್ಕನಿಗೆ ಫೋನ್ ಮಾಡಿ ಕೇಳಿದ್ದಾನೆ.