ಸದಸ್ಯರ ಕಚೇರಿಯ ಮೆಟ್ಟಿಲು

ಅರುವತ್ತರ ದಶಕದಲ್ಲಿ ನಾನು ಕಾರ್ಖಾನೆ ಇನ್ಸ್‌ಪೆಕ್ಟರನಾಗಿ ಪುತ್ತೂರು, ಸುಳ್ಯದ ಕಡೆ ಓಡಾಡುತ್ತಿದ್ದೆ. ಒಮ್ಮೆ ಪುತ್ತೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಮೆಟ್ಟಿಲಿಗೆ ಕೈಹಿಡಿ ಕಂಬಿ ಹಾಕಿಸಿ ಹೊರಟಾಗ, ಊರುಗೋಲು ಹಿಡಿದವರೊಬ್ಬರು ದಾರಿಯಲ್ಲಿ ತಡೆದರು. ಬೆಳ್ಳಾರೆಯ ಅಬ್ಬಾಸ್. ಎದುರಿನ ಮಹಡಿಯಲ್ಲಿ ವಿಧಾನ ಪರಿಷತ್ತಿನ ಸದಸ್ಯರೊಬ್ಬರ ಕಚೇರಿ. ಇವರು ಅಲ್ಲಿಯ ಜವಾನ.

“ನಮ್ಮ ಮೆಟ್ಟಿಲನ್ನೂ ಒಮ್ಮೆ ನೋಡಿ ಮಾರಾಯ್ರೆ. ಫೈಲು ಹೊತ್ತು ಇಳಿಯುವಾಗ ಬಿದ್ದು ಕಾಲು ಹೋಯಿತು. ಹತ್ತುದು ಹೇಗೋ ಆಗ್ತದೆ, ಇಳಿಯುದು ಕೂತುಕೊಂಡೇ.”

ನೋಡಿದೆ. ಕಡಿದಾದ ಮರದ ಮೆಟ್ಟಿಲು, ಹಿಡಿಯಲು ಏನೂ ಇಲ್ಲ.

“ನನ್ನ ಕಾನೂನು ಕಾರ್ಖಾನೆಗೆ ಮಾತ್ರ,” ಅಂದೆ.

“ಹಾಗಾದರೆ ನಮಗೆ ಯಾರುಂಟು?”

ಯಾರೂ ಇರಲಿಲ್ಲ.

ಅಧಿಕಾರವಿಲ್ಲದಿದ್ದರೂ ಮೇಲೆ ಹೋಗಿ ಸದಸ್ಯರಿಗೆ ಹೇಳಿದೆ. ಕಾರ್ಮಿಕರ ಸುರಕ್ಷತೆಯ ಬಗ್ಗೆ ಸದನದಲ್ಲಿ ಗಟ್ಟಿಯಾಗಿ ಮಾತಾಡುವವರು ಅವರು. ಕೇಳುತ್ತಾ ಕಣ್ಣು ಒದ್ದೆ ಮಾಡಿಕೊಂಡರು.

“ಛೇ, ಆ ಬಡಪಾಯಿಯನ್ನು ಇಷ್ಟು ದಿನ ಹತ್ತಿಸಿದೆನಲ್ಲ! ಇವತ್ತೇ ಎಂತಾದರೂ ಮಾಡುವ.”

ಕೆಳಗೆ ಬಂದು ಹೇಳಿದಾಗ ಅಬ್ಬಾಸ್ ತುಂಬಾ ಹೊತ್ತು ನನ್ನ ಕೈ ಬಿಡಲಿಲ್ಲ.

ಮುಂದಿನ ಸಲ ಹೋದಾಗ ಆ ಮೆಟ್ಟಿಲನ್ನು ಗಟ್ಟಿಮುಟ್ಟಾದ ಬೇರೊಬ್ಬರು ಫೈಲು ಹೊತ್ತು ಇಳಿಯುತ್ತಿದ್ದರು. ಆಗಲೂ ಅದಕ್ಕೆ ಕೈಹಿಡಿ ಇರಲಿಲ್ಲ.

“ಅಬ್ಬಾಸ್ ಎಲ್ಲಿ?” ಎಂದು ಕೇಳಿದೆ.

“ಯಾರೋ ಬಂದು ಮೆಟ್ಟಿಲಿನ ವಿಷಯ ಹೇಳಿದ್ರಂತೆ, ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದ್ರು. ಅವರು ಕಷ್ಟಪಡುದು ಸಾಹೇಬ್ರಿಗೆ ನೋಡ್ಲಿಕ್ಕೆ ಆಗುದಿಲ್ಲವಂತೆ.”

ನನ್ನ ಇಡೀ ಸರ್ವೀಸಿನಲ್ಲಿ, ನಾನು ಹೇಳಿದ ದಿನವೇ ಯಾರಾದರೂ ಕ್ರಮ ಕೈಗೊಂಡದ್ದು ಅದೊಂದೇ ಸಲ.