ಇರಿಟೇಟಿಂಗ್ ಎಂದರೆ ಇರಿಯುವುದಲ್ಲ

ಯಲ್ದೂರಿನ ಹತ್ತಿರದ ಹಳ್ಳಿಯ ಮುನಿಯಲ್ಲಮ್ಮನಿಗೆ ಕೆರೆಯ ಕೆಳಗೆ ಒಂದು ಎಕರೆ ಗದ್ದೆಯಿತ್ತು. ಗಂಡ ತೀರಿಕೊಂಡ ಮೇಲೆ ಬೇಸಾಯವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ೧೯೩೮ರಲ್ಲಿ ತೂಬಿನ ಕಲ್ಲು ಒಡೆದು, ಕೆರೆಯ ನೀರು ಸುಮ್ಮನೆ ಹಳ್ಳಕ್ಕೆ ಹರಿದುಹೋಗತೊಡಗಿತು. ತೂಬು ಸರಿಮಾಡಿಸಿ ಎಂದು ಅರ್ಜಿ ಹಿಡಿದು ಅವಳು ಪ್ರತಿ ಸೋಮವಾರ ತಾಲ್ಲೂಕು ಕಚೇರಿಗೆ ನಡೆದು ಹೋಗುತ್ತಿದ್ದಳು. ವಾಪಸು ಬರುವಾಗ ಹಸುವಿಗೆ ಹುಲ್ಲು ಕೊಯ್ದು ತರಬೇಕು, ಅದಕ್ಕೆ ಸೊಂಟದಲ್ಲಿ ಕುಡುಗೋಲು ಇರುತ್ತಿತ್ತು.

ಆರನೆಯ ಸೋಮವಾರ ಕಚೇರಿಯ ಜವಾನ ಗಂಗುಲಪ್ಪ ಅವಳನ್ನು ಹುಣಸೆಮರದ ಕೆಳಗೆ ಕರೆದ.

“ಅಕ್ಕಾ, ಇನ್ನ ಬರಬೇಡ. ಸಾಹೇಬ್ರು ನಿನ್ನ ಅರ್ಜಿ ಮೇಲೆ ಇಂಗ್ಲೀಷ್‌ನಾಗೆ ‘ಇರಿಟೇಟಿಂಗ್’ ಅಂತ ಬರೆದವ್ರೆ. ಗುಮಾಸ್ತರು ಓದಿದ್ದು ನಾನೇ ಕೇಳ್ದೆ.”

“ಅಂಗಂದ್ರೆ?”

“ಇರಿಯೋಳು ಅಂತ. ನಿನ್ನ ಸೊಂಟದಾಗಿನ ಕುಡುಗೋಲು ಕಂಡವ್ರೆ! ಪೊಲೀಸ್ನೋರು ಹಿಡ್ಕೊಂಡ್ ಹೋಗ್ತಾರೆ, ನೋಡ್ಕೋ.”

ಅವಳು ಮೂರು ವಾರ ಅತ್ತ ಸುಳಿಯಲಿಲ್ಲ. ಅಷ್ಟರಲ್ಲಿ ನೀರಿಳಿದು ಕೆರೆಯ ಮೆಟ್ಟಿಲು ನಾಲ್ಕು ಹೊರಬಿದ್ದವು. ನಾಟಿಗೆ ಬೆಳೆಸಿದ್ದ ಪೈರು ಹಳದಿಯಾಯಿತು. ಕೊನೆಗೆ ಯಲ್ದೂರಿನ ಸ್ಕೂಲಿನ ರಾಮಚಂದ್ರಪ್ಪ ಮೇಷ್ಟ್ರ ಹತ್ತಿರ ಹೋದಳು.

“ಸಾಮಿ, ನಾನು ಒಂದು ಕೋಳೀನೂ ಕೊಯ್ದೋಳಲ್ಲ. ಇರಿಯೋಳು ಅಂತ ಯಾಕೆ ಬರೆದ್ರು?”

ವಿಷಯ ಕೇಳಿ ಮೇಷ್ಟ್ರು ನಕ್ಕರು. “ಅದು ಇರಿಯೋದಲ್ಲ ಕಣಮ್ಮ, ಕಿರಿಕಿರಿ ಮಾಡೋದು. ಕಣ್ಣಿಗೆ ಹೊಗೆ ಹೋದ್ರೆ ಆ ಹೊಗೆ ಇರಿಟೇಟಿಂಗ್. ಕಂಬಳಿಹುಳ ಮುಟ್ಟಿದ್ರೆ ಕೆರೆತ ಬರುತ್ತಲ್ಲ, ಆ ಹುಳ ಇರಿಟೇಟಿಂಗ್. ಒಂದೇ ಮಾತು ನೂರು ಸಲ ಕೇಳೋರ್ನೂ ಹಂಗೇ ಅಂತಾರೆ.”

“ಅದಕ್ಕೆ ಜೈಲಾ?”

“ಜೈಲಾದ್ರೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಾನೂ ಉಳಿಯಲ್ಲ.”

ಮುನಿಯಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಅಂಗಾದ್ರೆ ಸಾಹೇಬ್ರು ಬರೆದಿರೋದು ನಿಜಾನೇ,” ಎಂದಳು.

ಮುಂದಿನ ಸೋಮವಾರ ಕುಡುಗೋಲನ್ನು ಮನೆಯಲ್ಲೇ ಬಿಟ್ಟು ಹೊರಟಳು. ಬಾಗಿಲಲ್ಲಿ ಗಂಗುಲಪ್ಪ ಬೆಚ್ಚಿಬಿದ್ದ.

“ಮತ್ತೆ ಬಂದ್ಯಾ ತಾಯಿ?”

“ಇರಿಯಾಕಲ್ಲ ಕಣೋ, ಕೆರೆಸಾಕೆ. ಕೆರೆ ಸರಿಯಾಗೋವರ್ಗೂ ನಿಮ್ಮ ಸಾಹೇಬ್ರು ಕೆರ್ಕೊಂತಾನೇ ಇರ್ಲಿ.”

ಆ ವಾರ ಏನೂ ಆಗಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮೂರನೆಯ ಸೋಮವಾರ ಅವಳು ಕಚೇರಿಯ ಮೆಟ್ಟಿಲು ಹತ್ತುವುದನ್ನು ಕಂಡ ಸಾಹೇಬರು, ಅವಳು ಬಾಯಿ ತೆರೆಯುವ ಮೊದಲೇ ಓವರ್ಸಿಯರನ್ನು ಕರೆದು ತೂಬು ನೋಡಿಬರಲು ಹೇಳಿದರು. ಎಂಟು ದಿನದಲ್ಲಿ ಹೊಸ ಕಲ್ಲು ಕೂತಿತು. ಉಳಿದ ನೀರು ಅರ್ಧ ಎಕರೆ ಭತ್ತಕ್ಕೆ ಸಾಕಾಯಿತು. ಇನ್ನರ್ಧಕ್ಕೆ ಅವಳು ಹುರುಳಿ ಚೆಲ್ಲಿದಳು.